ಕೊಲೆಗಾರನ ಕಡೆಯಿಂದ ಕಥೆ: ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ

ಪತ್ತೇದಾರಿ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಮೊದಲು ನೆನಪಾಗುವುದು ಎನ್. ನರಸಿಂಹಯ್ಯ ಅವರ ಪತ್ತೇದಾರ ಪುರುಷೋತ್ತಮ. ಕೊಲೆ ಆಗುತ್ತದೆ, ನಾಲ್ಕಾರು ಜನರ ಮೇಲೆ ಅನುಮಾನ ಬರುತ್ತದೆ, ಕೊನೆಗೆ ಗುಟ್ಟು ರಟ್ಟಾಗುತ್ತದೆ. ಈ ಬರಹ ಅದಕ್ಕೆ ಪೂರ್ತಿ ಉಲ್ಟಾ ಇರುವ ಪುಸ್ತಕಗಳ ಬಗ್ಗೆ. ಇಲ್ಲಿ ಕೊಂದವರು ಯಾರು ಅಂತ ಮೊದಲೇ ಗೊತ್ತು. ನಾವು ಅವರ ಜೊತೆಯಲ್ಲೇ ಓಡಾಡುತ್ತೇವೆ. ಪೊಲೀಸರು ಬಾಗಿಲು ಬಡಿದಾಗ ನಾವೂ ಒಳಗಡೆಯೇ ಇರುತ್ತೇವೆ.

ಇಂಥದ್ದೊಂದು ಓದೋಣ ಅಂತ ಹೊರಟರೆ ಆಯ್ಕೆ ಸುಲಭ ಇಲ್ಲ. ಇಂಟರ್ನೆಟ್ಟಿನ ಪಟ್ಟಿಗಳು ಎಲ್ಲವನ್ನೂ ಒಂದೇ ಗುಡ್ಡೆ ಹಾಕಿಬಿಡುತ್ತವೆ. ರಷ್ಯಾದ ದೊಡ್ಡ ಲೇಖಕ ದೊಸ್ತೊಯೆವ್‌ಸ್ಕಿ ಪಕ್ಕದಲ್ಲೇ ಟಿವಿಯಲ್ಲೂ ಬಂದ ಡೆಕ್ಸ್‌ಟರ್, ಅದರ ಪಕ್ಕ ಹಿಂಸೆ ತುಂಬಿದ ‘ಅಮೆರಿಕನ್ ಸೈಕೋ’. ರಕ್ತ ಅಂದರೆ ಆಗದವರ ಕೈಗೆ ಮೊದಲೇ ಆ ಮೂರನೆಯದು ಸಿಕ್ಕರೆ, ಆಮೇಲೆ ಈ ಕಡೆ ತಲೆ ಹಾಕಿ ಕೂಡ ಮಲಗುವುದಿಲ್ಲ.

ನಾನು ಆರಿಸುವ ರೀತಿ ಬೇರೆ. ಯಾವ ದೇಶ, ಎಷ್ಟು ಕೊಲೆ, ಎಷ್ಟು ಸ್ಟಾರ್ ಅಂತ ನೋಡುವುದಿಲ್ಲ. ಲೇಖಕ ನಮ್ಮನ್ನು ಎಲ್ಲಿ ಕೂರಿಸಿದ್ದಾನೆ ಅಂತ ನೋಡುತ್ತೇನೆ. ಕೊಲೆಗಾರನೇ ‘ನಾನು’ ಅಂತ ಶುರು ಮಾಡುತ್ತಾನಾ? ‘ಅವನು’ ಅಂತಲೇ ಹೇಳುತ್ತಾ ಅವನ ತಲೆಯೊಳಗೇ ಇಡುತ್ತಾರಾ? ಅಥವಾ ಕೊಲೆಗಾರನ ಪಕ್ಕದಲ್ಲಿ ಇರುವವರು ಹೇಳುತ್ತಾರಾ? ಓದಿದ ಮೇಲೆ ಮನಸ್ಸಿನಲ್ಲಿ ಏನು ಉಳಿಯುತ್ತದೆ ಅನ್ನುವುದು ಇದರ ಮೇಲೆ ನಿಂತಿದೆ.

ಬಹಳ ಜನ ‘ನಾನು’ ಅಂತ ಹೇಳುವ ಪುಸ್ತಕವೇ ನಮ್ಮನ್ನು ಜಾಸ್ತಿ ಹತ್ತಿರ ಎಳೆಯುತ್ತದೆ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕ ಉಲ್ಟಾ. ‘ನಾನು’ ಅಂದ ಕೂಡಲೇ ನಾವು ಎಚ್ಚರ ಆಗುತ್ತೇವೆ. ಇವನು ನನಗೆ ಯಾಕೆ ಇದನ್ನೆಲ್ಲ ಹೇಳ್ತಿದ್ದಾನೆ, ಏನು ಮುಚ್ಚಿಡ್ತಿದ್ದಾನೆ ಅಂತ ಕಿವಿ ನೆಟ್ಟಗಾಗುತ್ತದೆ. ‘ಅವನು’ ಅಂತ ಬರೆದಾಗ ಆ ಅನುಮಾನ ಹುಟ್ಟುವುದಿಲ್ಲ. ಸದ್ದಿಲ್ಲದೆ ಅವನ ಕಡೆಯವರಾಗಿಬಿಟ್ಟಿರುತ್ತೇವೆ. ಹಾಗಾಗಿ ಹೆಚ್ಚು ಕಾಡುವ ಪುಸ್ತಕಗಳು ಆ ಎರಡನೆಯ ಗುಂಪಿನಲ್ಲೇ ಇವೆ ಅಂತ ನನ್ನ ಅಭಿಪ್ರಾಯ.

ಶುರು ಮಾಡುವ ಮುಂಚೆ ಒಂದು ಮಾತು. ಕಥೆ ಹೇಳುತ್ತಿದ್ದವನೇ ಕೊಲೆಗಾರ ಅನ್ನುವುದೇ ಕೊನೆಯ ಗುಟ್ಟಾಗಿರುವ ಕೆಲವು ಪುಸ್ತಕಗಳಿವೆ, ಅದರಲ್ಲಿ ಒಂದೆರಡು ಬಹಳ ಹೆಸರಾದವು. ಅವನ್ನು ಇಲ್ಲಿ ಬೇಕಂತಲೇ ಬಿಟ್ಟಿದ್ದೇನೆ. ಈ ಬರಹದಲ್ಲಿ ಹೆಸರು ಬಂದರೆ ಸಾಕು, ಪುಸ್ತಕ ಕೆಟ್ಟಿತು! ಕೆಳಗೆ ಹೇಳಿರುವ ಕಥೆಗಳಲ್ಲಿ ಕೊಂದವರು ಯಾರು ಅನ್ನುವುದನ್ನು ಲೇಖಕರೇ ಬಚ್ಚಿಟ್ಟಿಲ್ಲ.

‘ನಾನು’ ಅನ್ನುವವರು

ದುಡ್ಡು ಖರ್ಚಿಲ್ಲದೆ, ಒಂದು ಕಾಫಿ ಮುಗಿಯುವಷ್ಟರಲ್ಲಿ ಈ ಜಾತಿಯ ರುಚಿ ನೋಡಬೇಕು ಅಂದರೆ ಎಡ್ಗರ್ ಅಲನ್ ಪೋ ಬರೆದ ‘ದಿ ಟೆಲ್-ಟೇಲ್ ಹಾರ್ಟ್’ ಓದಿ. 1843ರ ಕಥೆ, ಕೆಲವೇ ಪುಟ. ಹೇಳುವವನಿಗೆ ಹೆಸರಿಲ್ಲ. ತನಗೆ ಹುಚ್ಚಿಲ್ಲ ಅಂತ ಮೊದಲ ಸಾಲಿನಿಂದಲೇ ವಾದ ಮಾಡುತ್ತಾನೆ. ತಾನು ಕೊಲ್ಲುವ ಮುದುಕನ ಮೇಲೆ ಅವನಿಗೆ ದ್ವೇಷ ಇಲ್ಲ, ದುಡ್ಡಿನ ಆಸೆಯೂ ಇಲ್ಲ. ಮುದುಕನ ಒಂದು ಕಣ್ಣು ಕಂಡರೆ ಆಗಲ್ಲ, ಅಷ್ಟೇ. ಏಳು ರಾತ್ರಿ, ನಡುರಾತ್ರಿ ಹೊತ್ತಿಗೆ ಬಾಗಿಲನ್ನು ನಿಧಾನಕ್ಕೆ ತೆರೆದು, ಲಾಂದ್ರದಿಂದ ಒಂದೇ ಒಂದು ಗೆರೆ ಬೆಳಕನ್ನು ಆ ಕಣ್ಣಿನ ಮೇಲೆ ಬಿಡುತ್ತಾನೆ. ಕಣ್ಣು ಮುಚ್ಚಿರುತ್ತದೆ, ಹಾಗಾಗಿ ವಾಪಸ್ ಬರುತ್ತಾನೆ. ಎಂಟನೆಯ ರಾತ್ರಿ ಲಾಂದ್ರದ ತಗಡಿನ ಚಿಲಕದ ಮೇಲೆ ಹೆಬ್ಬೆರಳು ಜಾರುತ್ತದೆ. ಮುದುಕ ಎದ್ದು ಕೂರುತ್ತಾನೆ. ಇವನು ಒಂದು ಗಂಟೆ ಅಲ್ಲಾಡದೆ ಕತ್ತಲಲ್ಲಿ ನಿಂತೇ ಇರುತ್ತಾನೆ. ಆ ಒಂದು ಗಂಟೆಯ ಜಾಗ ಇದೆಯಲ್ಲ, ಅದನ್ನು ಓದಿ ನಿಮಗೆ ಏನೂ ಅನ್ನಿಸದಿದ್ದರೆ ಇಲ್ಲಿಗೇ ಬಿಟ್ಟುಬಿಡಿ. ಈ ಬಗೆಯ ಕಥೆ ನಿಮಗೆ ಹೊಂದುವುದಿಲ್ಲ.

ಹೊಂದಿತು ಅಂದರೆ ಮುಂದಿನ ಹೆಜ್ಜೆ ಜೇಮ್ಸ್ ಎಂ. ಕೇನ್. ಇವರ ಎರಡು ಪುಸ್ತಕಗಳ ನಡುವೆ ಜನ ಯಾವಾಗಲೂ ಗೊಂದಲ ಮಾಡಿಕೊಳ್ಳುತ್ತಾರೆ. 1934ರ ‘ದಿ ಪೋಸ್ಟ್‌ಮ್ಯಾನ್ ಆಲ್ವೇಸ್ ರಿಂಗ್ಸ್ ಟ್ವೈಸ್’ ಮತ್ತು 1936ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಡಬಲ್ ಇಂಡೆಮ್ನಿಟಿ’. ಎರಡೂ ಕ್ಯಾಲಿಫೋರ್ನಿಯಾದವು, ಎರಡರಲ್ಲೂ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಸೇರಿ ಆಕೆಯ ಗಂಡನನ್ನು ಮುಗಿಸುತ್ತಾರೆ. ಎರಡೂ ತೆಳ್ಳಗಿವೆ, ಭಾನುವಾರ ಮಧ್ಯಾಹ್ನ ಕೂತರೆ ಸಂಜೆಗೆ ಮುಗಿಯುತ್ತವೆ. ‘ಪೋಸ್ಟ್‌ಮ್ಯಾನ್’ ಹೈವೇ ಪಕ್ಕದ ಹೋಟೆಲಿನ ಕಥೆ. ಅದರಲ್ಲಿ ಯೋಚನೆ ಕಡಿಮೆ, ಮೈಬಿಸಿ ಜಾಸ್ತಿ. ‘ಡಬಲ್ ಇಂಡೆಮ್ನಿಟಿ’ಯ ಕೊಲೆಗಾರ ಇನ್ಶೂರೆನ್ಸ್ ಏಜೆಂಟ್. ರೈಲು ಅಪಘಾತದಲ್ಲಿ ಸತ್ತರೆ ಪಾಲಿಸಿ ದುಡ್ಡು ಎರಡು ಪಟ್ಟು ಸಿಗುತ್ತದೆ ಅಂತ ಅವನಿಗೆ ಗೊತ್ತು. ಅಂಥ ಸಾವು ಅಪರೂಪ, ಅದಕ್ಕೇ ಕಂಪನಿ ಆ ಆಸೆ ತೋರಿಸುತ್ತದೆ ಅನ್ನುವುದೂ ಗೊತ್ತು. ವರ್ಷಗಟ್ಟಲೆ ಬೇರೆಯವರ ಮೋಸ ಹಿಡಿದು ಹಿಡಿದು, ತಾನೇ ಒಮ್ಮೆ ಮಾಡಿ ನೋಡೋಣ ಅನ್ನುವ ಚಟ ಅವನಿಗೆ ಅಂಟಿರುತ್ತದೆ. ಅವನದೇ ಆಫೀಸಿನಲ್ಲಿ ಕ್ಲೇಮು ನೋಡುವ ಕೀಸ್ ಎಂಬ ಹಿರಿಯ ಇದ್ದಾನೆ. ಫೈಲು ಮೂಸಿದರೇ ಸುಳ್ಳು ಗೊತ್ತಾಗುವ ಮನುಷ್ಯ. ಒಂದೇ ಓದುತ್ತೇನೆ ಅನ್ನುವವರು ಇದನ್ನೇ ಆರಿಸಿ. ಬ್ಯಾಂಕು, ಇನ್ಶೂರೆನ್ಸ್, ಆಡಿಟ್ ಕೆಲಸದವರಿಗಂತೂ ಡಬಲ್ ಮಜಾ.

ಜಿಮ್ ಥಾಂಪ್ಸನ್ ಬರೆದ ‘ದಿ ಕಿಲ್ಲರ್ ಇನ್‌ಸೈಡ್ ಮಿ’ (1952) ಇವೆರಡಕ್ಕಿಂತ ಕತ್ತಲು. ಲೌ ಫೋರ್ಡ್ ಟೆಕ್ಸಸ್‌ನ ಒಂದು ಸಣ್ಣ ಊರಿನ ಡೆಪ್ಯುಟಿ ಶೆರಿಫ್. ಅಂದರೆ ಊರು ಕಾಯಬೇಕಾದವನೇ. ಎದುರಿಗೆ ಸಿಕ್ಕವರಿಗೆ ಸವಕಲು ಗಾದೆ, ಹಳಸಲು ಬುದ್ಧಿಮಾತು ಹೇಳಿ ಹೇಳಿ ತಲೆ ಚಿಟ್ಟು ಹಿಡಿಸುತ್ತಾನೆ. ಪೆದ್ದ ಪಾಪ ಅಂತ ಜನ ಸಹಿಸಿಕೊಳ್ಳುತ್ತಾರೆ. ಅವರನ್ನು ಗೋಳು ಹೊಯ್ದುಕೊಳ್ಳಲಿಕ್ಕೇ ಅವನು ಹಾಗೆ ಮಾಡುವುದು ಅಂತ ಓದುತ್ತಿರುವ ನಮಗೆ ಮಾತ್ರ ಗೊತ್ತು. ಆ ಭಾಗಗಳು ಅದ್ಭುತ. ಆದರೆ ಹೆಂಗಸರ ಮೇಲಿನ ಹೊಡೆತ ಬಡಿತ ಇದರಲ್ಲಿ ಬಹಳ ಹತ್ತಿರದಿಂದ ಬರುತ್ತದೆ. ಗೊತ್ತಿದ್ದೇ ಕೈಗೆ ತಗೊಳ್ಳಿ.

ಇನ್ನು ನಮಗೆ ಹತ್ತಿರದ್ದು. ಅರವಿಂದ ಅಡಿಗರ ‘ದಿ ವೈಟ್ ಟೈಗರ್’. 2008ರಲ್ಲಿ ಬೂಕರ್ ಬಂದಾಗ ಎಲ್ಲರೂ ಅದನ್ನು ಭಾರತದ ಬಡತನದ ಕಾದಂಬರಿ, ರಾಜಕೀಯ ವ್ಯಂಗ್ಯ ಅಂತ ಓದಿದರು. ಸುಮ್ನೆ ಕ್ರೈಮ್ ಕಾದಂಬರಿ ಅಂತ ಓದಿ ನೋಡಿ, ಬೇರೆಯೇ ಪುಸ್ತಕ ಕಾಣುತ್ತದೆ. ಬಲರಾಮ್ ಹಲ್ವಾಯಿ ಬಿಹಾರದ ಹಳ್ಳಿಯಿಂದ ದಿಲ್ಲಿಗೆ ಬಂದ ಡ್ರೈವರ್. ತನ್ನ ಯಜಮಾನನನ್ನು ಕೊಂದಿದ್ದೇನೆ ಅಂತ ಶುರುವಿನಲ್ಲೇ ಹೇಳಿಬಿಡುತ್ತಾನೆ. ಹೇಳುವುದು ಯಾರಿಗೆ? ಬೆಂಗಳೂರಿಗೆ ಭೇಟಿ ಕೊಡಲಿರುವ ಚೀನಾದ ಆಗಿನ ಪ್ರಧಾನಿ ವೆನ್ ಜಿಯಾಬಾವೋಗೆ! ಏಳು ರಾತ್ರಿ ಕೂತು, ತನ್ನ ಪುಟ್ಟ ಆಫೀಸಿನಲ್ಲಿ ತೂಗುದೀಪದ ಕೆಳಗೆ, ಪತ್ರದ ರೂಪದಲ್ಲಿ.

ಕೊಲೆಯ ದೃಶ್ಯ ಚಿಕ್ಕದು. ಮಳೆ ಬಂದ ರಸ್ತೆಯಲ್ಲಿ ಕಾರು ನಿಲ್ಲಿಸಿ, ಚಕ್ರದಲ್ಲಿ ಏನೋ ತೊಂದರೆ ಇದೆ ಸಾರ್, ಸ್ವಲ್ಪ ಇಳಿದು ನೋಡ್ತೀರಾ ಅನ್ನುತ್ತಾನೆ. ಸಾಹೇಬರು ಬಗ್ಗುತ್ತಾರೆ. ಕೈಯಲ್ಲಿ ಒಡೆದ ಜಾನಿ ವಾಕರ್ ಬಾಟಲಿ. ಕಾರಿನಲ್ಲಿ ಏಳು ಲಕ್ಷ ರೂಪಾಯಿಯ ಕೆಂಪು ಬ್ಯಾಗು. ಇಷ್ಟು ಹೇಳಿದರೆ ಕಥೆ ಹಾಳಾಗುವುದಿಲ್ಲ, ಯಾಕೆಂದರೆ ನಿಜವಾದ ಅಪರಾಧ ಬೇರೆ ಕಡೆ ಇದೆ. ತಾನು ಓಡಿಹೋದರೆ ಹಳ್ಳಿಯಲ್ಲಿರುವ ಮನೆಯವರಿಗೆ ಯಜಮಾನರ ಕಡೆಯವರು ಏನು ಮಾಡುತ್ತಾರೆ ಅಂತ ಬಲರಾಮನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಓಡುತ್ತಾನೆ. ಈ ವಿಷಯವನ್ನು ಅವನು ಎರಡು ಜೋಕಿನ ನಡುವೆ ತೂರಿಸಿ ಮುಂದಕ್ಕೆ ಹೋಗಿಬಿಡುತ್ತಾನೆ. ನಾವೂ ನಗುತ್ತಾ ಮುಂದಕ್ಕೆ ಹೋಗಿ, ಅರ್ಧ ಪುಟ ಆದ ಮೇಲೆ ನಿಲ್ಲುತ್ತೇವೆ.

ಓಡಿ ಬರುವುದು ಎಲ್ಲಿಗೆ ಅಂದರೆ ಬೆಂಗಳೂರಿಗೆ. ಪೊಲೀಸರಿಗೆ ಲಂಚ ಕೊಟ್ಟು ಎದುರಾಳಿಯ ಗಾಡಿಗಳನ್ನು ಹಿಡಿಸುತ್ತಾನೆ. ಕಾಲ್ ಸೆಂಟರ್ ಹುಡುಗ ಹುಡುಗಿಯರನ್ನು ರಾತ್ರಿ ಮನೆಗೆ ಬಿಡುವ ಕಾಂಟ್ರಾಕ್ಟ್ ಹಿಡಿಯುತ್ತಾನೆ. ನೈಟ್ ಶಿಫ್ಟ್ ಕ್ಯಾಬ್ ಹತ್ತಿ ಗೊತ್ತಿರುವ ಯಾರಿಗೇ ಆದರೂ ಈ ಭಾಗ ಓದುವಾಗ ಮೈ ಸ್ವಲ್ಪ ಜುಮ್ಮೆನ್ನುತ್ತದೆ. ಅಡಿಗರು ಬೆಳೆದಿದ್ದು ಮಂಗಳೂರಿನಲ್ಲಿ. ಬೆಂಗಳೂರನ್ನು ಅವರು ಹೊರಗಿನಿಂದ ಬಂದವನ ಕಣ್ಣಲ್ಲಿ ತೋರಿಸುತ್ತಾರೆ. ಇಲ್ಲಿ ನಿನ್ನೆಯ ಬಗ್ಗೆ ಯಾರೂ ಕೇಳುವುದಿಲ್ಲ ಅನ್ನುವುದೇ ಬಲರಾಮನಿಗೆ ಆ ಊರಿನ ದೊಡ್ಡ ಸೌಲಭ್ಯ. ನಗಿಸುವ ಕೊಲೆಗಾರ ಬೇಕು, ಆದರೆ ನಕ್ಕಿದ್ದಕ್ಕೆ ನಾಚಿಕೆಯೂ ಆಗಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಲೌ ಫೋರ್ಡ್ ಮತ್ತು ಬಲರಾಮ್ ನಡುವೆ ಒಬ್ಬನನ್ನು ಆರಿಸಿ ಅಂದರೆ ಕಣ್ಣು ಮುಚ್ಚಿ ಬಲರಾಮ್ ಅನ್ನುತ್ತೇನೆ. ಫೋರ್ಡ್ ಯಾಕೆ ಹೀಗೆ ಅನ್ನುವುದಕ್ಕೆ ಪುಸ್ತಕ ಕೊಡುವ ಕಾರಣ ಅವನ ಬಾಲ್ಯದ ಒಂದು ಗಾಯ. ಈಗ ಓದುವಾಗ ಅದು ಹಳತು ಅನ್ನಿಸುತ್ತದೆ. ಬಲರಾಮ್ ಕೊಡುವ ಕಾರಣ ನಮ್ಮ ಸುತ್ತ ದಿನಾ ಕಾಣುತ್ತದೆ. ಅದನ್ನು ಒಪ್ಪಬೇಕೋ ಬೇಡವೋ ಅನ್ನುವ ಜಗಳ ಪುಸ್ತಕ ಮುಚ್ಚಿದ ಮೇಲೂ ನಡೆಯುತ್ತದೆ.

ಕಿಮ್ ಯಂಗ್-ಹಾ ಎಂಬ ಕೊರಿಯಾದ ಲೇಖಕರ ‘ಡೈರಿ ಆಫ್ ಎ ಮರ್ಡರರ್’ ಬಗ್ಗೆಯೂ ಎರಡು ಮಾತು. ಕಿರುಕಾದಂಬರಿ, ಕೊರಿಯನ್ ಭಾಷೆಯಲ್ಲಿ 2013ರಲ್ಲಿ ಬಂತು, ಇಂಗ್ಲಿಷಿಗೂ ಅನುವಾದ ಆಗಿದೆ. ಎಪ್ಪತ್ತು ವರ್ಷದ ಮುದುಕ, ಒಂದು ಕಾಲದ ಸರಣಿ ಕೊಲೆಗಾರ, ಈಗ ಮರೆಗುಳಿ ರೋಗ. ಮಗಳ ಹಿಂದೆ ಬಿದ್ದಿರುವ ಹುಡುಗ ತನ್ನಂಥವನೇ ಅಂತ ಅವನಿಗೆ ಅನುಮಾನ. ಆದರೆ ಬೆಳಿಗ್ಗೆ ಬರೆದಿಟ್ಟದ್ದು ಸಂಜೆಗೆ ನೆನಪಿಲ್ಲ. ‘ನಾನು’ ಅನ್ನುವವನನ್ನು ನಂಬಬೇಡಿ ಅನ್ನುವ ಮಾತನ್ನು ಇದು ಕೊನೆಯ ತನಕ ಎಳೆದುಕೊಂಡು ಹೋಗುತ್ತದೆ, ಯಾಕೆಂದರೆ ಇಲ್ಲಿ ಅವನಿಗೇ ತನ್ನ ಮೇಲೆ ನಂಬಿಕೆ ಇಲ್ಲ.

‘ಅವನು’ ಅಂತ ಬರೆದೂ ಅವನೊಳಗೇ ಇರುವವು

ಇಲ್ಲಿಂದ ಆಟ ಗಂಭೀರ. ಮೊದಲ ಹೆಸರು ಪ್ಯಾಟ್ರಿಶಿಯಾ ಹೈಸ್ಮಿತ್, ಮೊದಲ ಪುಸ್ತಕ 1955ರ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’. ನ್ಯೂಯಾರ್ಕಿನಲ್ಲಿ ಸಣ್ಣಪುಟ್ಟ ಮೋಸ ಮಾಡಿಕೊಂಡಿದ್ದ ಟಾಮ್ ರಿಪ್ಲಿಯನ್ನು ಒಬ್ಬ ಶ್ರೀಮಂತ ಇಟಲಿಗೆ ಕಳಿಸುತ್ತಾನೆ. ಅಲ್ಲಿ ಕಾಲ ಕಳೆಯುತ್ತಿರುವ ತನ್ನ ಮಗ ಡಿಕ್ಕಿಯನ್ನು ವಾಪಸ್ ಕರೆತರಲಿ ಅಂತ. ಟಾಮ್‌ಗೆ ಡಿಕ್ಕಿಯ ಮನೆ, ಬಟ್ಟೆ, ಉಂಗುರ, ಬಿಡುವು, ಎಲ್ಲವೂ ಇಷ್ಟ ಆಗುತ್ತದೆ. ಒಂದು ದಿನ ಡಿಕ್ಕಿಯ ಬಟ್ಟೆ ಹಾಕಿಕೊಂಡು ಕನ್ನಡಿ ಮುಂದೆ ನಿಂತಿರುವಾಗ ಡಿಕ್ಕಿ ಒಳಗೆ ಬರುತ್ತಾನೆ. ಓದುವ ನಮಗೆ ಮುಖ ಬಿಸಿ ಆಗುತ್ತದೆ. ಟಾಮ್‌ಗಿಂತ ಮೊದಲು ನಾವೇ ನೆಪ ಹುಡುಕುತ್ತಿರುತ್ತೇವೆ.

ಸ್ಯಾನ್ ರೆಮೊದಲ್ಲಿ ಬಾಡಿಗೆ ದೋಣಿಯ ದೃಶ್ಯವನ್ನು ನಿಧಾನವಾಗಿ ಓದಿ. ಟಾಮ್ ದೋಣಿಯ ಹುಟ್ಟುಗೋಲಿನಿಂದ ಡಿಕ್ಕಿಗೆ ಹೊಡೆಯುವುದು ಕೆಲವೇ ಸಾಲು. ಆಮೇಲಿನದ್ದೇ ಜಾಸ್ತಿ. ಟಾಮ್‌ಗೆ ನೀರು ಅಂದರೆ ಭಯ, ಅವನ ಅಪ್ಪ ಅಮ್ಮ ಮುಳುಗಿ ಸತ್ತವರು. ಹೆಣವನ್ನು ಭಾರ ಕಟ್ಟಿ ನೀರಿಗೆ ಇಳಿಸುವಾಗ ಅವನೂ ಬೀಳುತ್ತಾನೆ. ಮೋಟಾರು ಆಫ್ ಆಗಿಲ್ಲ, ದೋಣಿ ಸುತ್ತು ಹೊಡೆಯುತ್ತಿದೆ. ಈಗ ತಾನೇ ಒಬ್ಬನನ್ನು ಕೊಂದವನು ಬದುಕಲಿ ಅಂತ ನಾವು ಉಸಿರು ಬಿಗಿಹಿಡಿದಿರುತ್ತೇವೆ. ಹೈಸ್ಮಿತ್ ಎಲ್ಲೂ ನಮ್ಮನ್ನು ಕೇಳಿಕೊಂಡಿಲ್ಲ, ಟಾಮ್ ಒಳ್ಳೆಯವನು ಅಂತ ಒಂದು ಮಾತೂ ಹೇಳಿಲ್ಲ. ಅವನ ಪಕ್ಕದಿಂದ ಒಂದು ಪುಟವೂ ಕದಲಲು ಬಿಡುವುದಿಲ್ಲ, ಅಷ್ಟೇ. ಆಮೇಲೆ ರೋಮ್‌ನಲ್ಲಿ ಡಿಕ್ಕಿಯ ಗೆಳೆಯ ಫ್ರೆಡ್ಡಿ ಅನುಮಾನ ಪಟ್ಟು ಬಂದಾಗಲೂ ಹೀಗೇ. ಈ ಫ್ರೆಡ್ಡಿ ಬೇಗ ಹೋಗಬಾರದೇ ಅಂತ ನಮಗೇ ರೇಗುತ್ತದೆ.

ಸರಣಿಯಲ್ಲಿ ಐದು ಪುಸ್ತಕ: 1955, 1970, 1974, 1980, 1991. ಐದು ಇವೆ ಅಂದ ಮೇಲೆ ಮೊದಲನೆಯದರಲ್ಲಿ ಅವನು ಏನಾಗುತ್ತಾನೆ ಅಂತ ಊಹಿಸುವುದು ಕಷ್ಟ ಇಲ್ಲ ಅಲ್ವಾ? ಆದರೂ ಬೆವರು ಇಳಿಯುತ್ತದೆ. ಮೊದಲನೆಯದು ಓದಿ, ಹಿಡಿಸಿದರೆ ಮೂರನೆಯದಾದ ‘ರಿಪ್ಲೀಸ್ ಗೇಮ್’ಗೆ ಹೋಗಿ. ಅದರಲ್ಲಿ ರಿಪ್ಲಿ ಒಬ್ಬ ಸಾಧಾರಣ ಮನುಷ್ಯನನ್ನು, ಕಾಯಿಲೆ ಬಿದ್ದ ಒಬ್ಬ ಚಿತ್ರಕ್ಕೆ ಚೌಕಟ್ಟು ಹಾಕುವವನನ್ನು, ಕೊಲೆಯ ಕಡೆ ತಳ್ಳುತ್ತಾನೆ. ಕಾರಣ, ಒಂದು ಪಾರ್ಟಿಯಲ್ಲಿ ಅವನು ಆಡಿದ ಒಂದು ಕೊಂಕು ಮಾತು. ಕೊನೆಯ ಎರಡನ್ನು ಬಿಟ್ಟರೆ ನಷ್ಟ ಇಲ್ಲ.

ರಿಪ್ಲಿಯ ಎದುರಿಗೆ ನಿಲ್ಲಿಸಬೇಕಾದದ್ದು ದೊಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’. 1866ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ಕಂತು ಕಂತಾಗಿ ಬಂದದ್ದು. ದೊಡ್ಡ ಸಾಹಿತ್ಯ ಅಂತ ಭಯ ಬಿದ್ದು ದೂರ ಇಟ್ಟವರಿಗೆ ಒಂದು ವಿಷಯ ಹೇಳಬೇಕು. ಮೊದಲ ಭಾಗ ಯಾವ ಥ್ರಿಲ್ಲರಿಗೂ ಕಡಿಮೆ ಇಲ್ಲ. ಕೊಲೆಗಾರ ರಾಸ್ಕೋಲ್ನಿಕೋವ್ ತನ್ನ ಗೇಟಿನಿಂದ, ಒಡವೆ ಅಡ ಇಟ್ಟುಕೊಂಡು ಬಡ್ಡಿಗೆ ಸಾಲ ಕೊಡುವ ಮುದುಕಿಯ ಮನೆಗೆ ಎಷ್ಟು ಹೆಜ್ಜೆ ಅಂತ ಎಣಿಸಿಟ್ಟಿದ್ದಾನೆ: 730. ಹಳೇ ಅಂಗಿಯ ಚಿಂದಿ ಹರಿದು ಕೋಟಿನ ಒಳಗೆ, ಎಡ ಕಂಕುಳ ಕೆಳಗೆ, ಕೊಡಲಿ ನೇತುಹಾಕಲು ಕುಣಿಕೆ ಹೊಲಿಯುತ್ತಾನೆ. ಅಡ ಇಡುವ ಒಡವೆ ಅಂತ ತೋರಿಸಲು ಒಂದು ಮರದ ಚೂರು, ಒಂದು ಕಬ್ಬಿಣದ ತಗಡು ಸೇರಿಸಿ ಕಾಗದದಲ್ಲಿ ಸುತ್ತಿ, ದಾರದಿಂದ ಗಂಟು ಹಾಕುತ್ತಾನೆ. ಗಂಟು ಬೇಗ ಬಿಚ್ಚಬಾರದು, ಮುದುಕಿ ಬೆಳಕಿಗೆ ತಿರುಗಿಕೊಂಡು ಅದರ ಜೊತೆ ಒದ್ದಾಡುತ್ತಿರಬೇಕು, ಅದೇ ಅವನ ಲೆಕ್ಕ.

ಇಷ್ಟೆಲ್ಲ ಲೆಕ್ಕ ಹಾಕಿದವನಿಗೆ ಕೊಡಲಿಯೇ ಸಿಗುವುದಿಲ್ಲ! ಅಡುಗೆಮನೆಯಿಂದ ಎತ್ತಿಕೊಳ್ಳೋಣ ಅಂತ ಇಳಿದರೆ ಅಲ್ಲಿ ಕೆಲಸದ ನಸ್ತಾಸ್ಯಾ ಬಟ್ಟೆ ಒಣಹಾಕುತ್ತಾ ನಿಂತಿದ್ದಾಳೆ. ಕೊನೆಗೆ ಗೇಟಿನ ಕಾವಲುಗಾರನ ಕೋಣೆಯಲ್ಲಿ ಬೆಂಚಿನ ಕೆಳಗೆ ಏನೋ ಹೊಳೆಯುತ್ತದೆ. ಮುದುಕಿಯ ಮನೆಯಲ್ಲಿ ಕೆಲಸ ಮುಗಿಸಿ ನೋಡಿದರೆ ಬಾಗಿಲು ಅಷ್ಟು ಹೊತ್ತೂ ಚಿಲಕ ಹಾಕದೆ ತೆರೆದೇ ಇತ್ತು. ಆ ತೆರೆದ ಬಾಗಿಲಿನಿಂದಲೇ ಎರಡನೆಯ ಕೊಲೆ ಆಗಿದ್ದು.

ದೊಸ್ತೊಯೆವ್‌ಸ್ಕಿ ಇದನ್ನು ಮೊದಲು ‘ನಾನು’ ಅಂತಲೇ, ಕೊಲೆಗಾರನ ತಪ್ಪೊಪ್ಪಿಗೆಯ ಹಾಗೆ ಬರೆಯಲು ಶುರು ಮಾಡಿದ್ದರು. ಆಮೇಲೆ ಅದನ್ನು ಬಿಟ್ಟು ‘ಅವನು’ ಅಂತ ಬದಲಾಯಿಸಿದರು. ‘ನಾನು’ ಅಂತ ಬರೆದಿದ್ದರೆ ರಾಸ್ಕೋಲ್ನಿಕೋವ್ ಪೂರ್ತಿ ಪುಸ್ತಕ ತನ್ನ ಪರ ವಾದ ಮಾಡುತ್ತಾ ಕೂರುತ್ತಿದ್ದ, ನಾವು ತೀರ್ಪು ಕೊಡುವವರ ಜಾಗದಲ್ಲಿ ಕೂರುತ್ತಿದ್ದೆವು. ಈಗ ಹಾಗಾಗಲ್ಲ. ಅವನ ಜ್ವರ ನಮಗೇ ಬರುತ್ತದೆ.

ರಿಪ್ಲಿಯಾ, ರಾಸ್ಕೋಲ್ನಿಕೋವನಾ? ರಾಸ್ಕೋಲ್ನಿಕೋವನಿಗೆ ಕೊಂದ ಮೇಲೆ ಬದುಕಲು ಬರುವುದಿಲ್ಲ. ರಿಪ್ಲಿಗೆ ಕೊಂದ ಮೇಲೆಯೇ ಬದುಕು ಶುರು. ದೊಸ್ತೊಯೆವ್‌ಸ್ಕಿಯ ಪುಸ್ತಕದಲ್ಲಿ ಕೊಲೆ ಬೇಗ ಮುಗಿದು, ಉಳಿದ ನಾನೂರು ಚಿಲ್ಲರೆ ಪುಟ ಮನಸ್ಸಿನ ಹೊಯ್ದಾಟ. ನಡುವೆ ಪೊರ್ಫಿರಿ ಎಂಬ ತನಿಖಾಧಿಕಾರಿ ಬಂದಾಗೆಲ್ಲ ಪುಸ್ತಕ ಎದ್ದು ಕೂರುತ್ತದೆ. ಅವನು ಸಾಕ್ಷಿಗಿಂತ ಹರಟೆಯನ್ನು ಜಾಸ್ತಿ ನಂಬುವ ಆಸಾಮಿ. ನಡುವಿನ ಕೆಲವು ಅಧ್ಯಾಯ ಎಳೆಯುತ್ತವೆ, ಅದನ್ನು ಒಪ್ಪಿಕೊಳ್ಳಲು ಏನೂ ನಾಚಿಕೆ ಇಲ್ಲ. ಒಂದು ತಿಂಗಳ ಸಮಯ ಕೊಡಲು ರೆಡಿ ಇದ್ದರೆ ಇದು. ವಾರಾಂತ್ಯ ಮಾತ್ರ ಇದ್ದರೆ ರಿಪ್ಲಿ. ಕೊಲೆಗಾರನಿಗೆ ಶಿಕ್ಷೆ ಆಗದಿದ್ದರೆ ನಿದ್ದೆ ಬರಲ್ಲ ಅನ್ನುವವರು ರಿಪ್ಲಿಯ ತಂಟೆಗೆ ಹೋಗಬೇಡಿ.

ಡೊರೊಥಿ ಬಿ. ಹ್ಯೂಸ್ ಬರೆದ ‘ಇನ್ ಎ ಲೋನ್ಲಿ ಪ್ಲೇಸ್’ (1947) ಬಗ್ಗೆ ನಮ್ಮಲ್ಲಿ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಮಾತಾಡಬೇಕು. ಯುದ್ಧ ಮುಗಿಸಿ ಬಂದ ಡಿಕ್ಸ್ ಸ್ಟೀಲ್ ಲಾಸ್ ಏಂಜಲೀಸ್‌ನಲ್ಲಿ ಬೇರೊಬ್ಬ ಗೆಳೆಯನ ಮನೆ, ಬೇರೊಬ್ಬನ ಬಟ್ಟೆ, ಬೇರೊಬ್ಬನ ಕಾರಿನಲ್ಲಿ ಬದುಕುತ್ತಿದ್ದಾನೆ. ಮೊದಲ ಪುಟಗಳಲ್ಲೇ ಸಮುದ್ರದ ಕಡೆಯಿಂದ ಮಂಜು ಕವಿದ ರಾತ್ರಿ, ಬಸ್ಸಿನಿಂದ ಒಬ್ಬಳೇ ಹುಡುಗಿ ಇಳಿಯುತ್ತಾಳೆ, ಅವನು ಹಿಂದೆ ನಡೆಯುತ್ತಾನೆ. ಅದೇ ರಾತ್ರಿ ಯುದ್ಧಕಾಲದ ಗೆಳೆಯ ಬ್ರಬ್‌ಗೆ ಫೋನ್ ಮಾಡುತ್ತಾನೆ. ಬ್ರಬ್ ಈಗ ಪೊಲೀಸ್ ಡಿಟೆಕ್ಟಿವ್. ಇಡೀ ಊರನ್ನು ಹೆದರಿಸಿರುವ ಕೊಲೆಗಾರನನ್ನು ಹುಡುಕುತ್ತಿರುವವನೂ ಅವನೇ.

ಈ ಪುಸ್ತಕದಲ್ಲಿ ಒಂದು ಕೊಲೆಯನ್ನೂ ತೋರಿಸುವುದಿಲ್ಲ. ಅಧ್ಯಾಯ ನಿಲ್ಲುತ್ತದೆ, ಮರುದಿನ ಪೇಪರಿನಲ್ಲಿ ಸುದ್ದಿ ಇರುತ್ತದೆ. ರಕ್ತ ಬೇಡ, ಆದರೆ ಭಯ ಬೇಕು ಅನ್ನುವವರಿಗೆ ಹೇಳಿ ಮಾಡಿಸಿದ್ದು. ಇನ್ನೊಂದು ಗುಣ ಇದೆ. ಡಿಕ್ಸ್ ತಲೆಯೊಳಗೆ ಕೂತಿದ್ದರೂ ಅವನ ಎದುರಿಗಿರುವ ಹೆಂಗಸರ ಮುಖ ನಮಗೆ ಚೆನ್ನಾಗಿ ಕಾಣುತ್ತದೆ. ಬ್ರಬ್‌ನ ಹೆಂಡತಿ ಸಿಲ್ವಿಯಾ ಇವನನ್ನು ನೋಡುವ ನೋಟದಲ್ಲಿ ಏನೋ ಇದೆ. ಅವಳಿಗೆ ಏನು ಅನ್ನಿಸುತ್ತಿದೆ ಅಂತ ಡಿಕ್ಸ್‌ಗೆ ಅರ್ಥ ಆಗಲ್ಲ, ನಮಗೆ ಆಗುತ್ತದೆ. ಕೊಲೆಗಾರನ ಕಥೆ ಅಂದರೆ ಸತ್ತ ಹೆಂಗಸರು ಬರೀ ಹೆಣಗಳಾಗಿಬಿಡುತ್ತಾರೆ ಅಂತ ಬೇಸರ ಇರುವವರು ಇದನ್ನು ಖಂಡಿತ ಓದಬೇಕು. 1950ರ ಸಿನಿಮಾ ನೋಡಿದ್ದೇನೆ ಅಂತ ಬಿಡಬೇಡಿ. ಸಿನಿಮಾ ಬೇರೆಯೇ ದಾರಿ ಹಿಡಿದಿದೆ.

ಈ ಗುಂಪಿನ ಹಾಸ್ಯದ ಪುಸ್ತಕ ಫ್ರಾನ್ಸಿಸ್ ಐಲ್ಸ್ ಹೆಸರಿನಲ್ಲಿ 1931ರಲ್ಲಿ ಬಂದ ‘ಮ್ಯಾಲಿಸ್ ಅಫೋರ್‌ಥಾಟ್’. ಲೇಖಕರ ನಿಜ ಹೆಸರು ಆಂಥೋನಿ ಬರ್ಕ್ಲಿ ಕಾಕ್ಸ್. ಇಂಗ್ಲೆಂಡಿನ ಡೆವನ್ ಕಡೆಯ ಹಳ್ಳಿ, ಹೆಂಡತಿಗೆ ಹೆದರುವ ಕುಳ್ಳ ಡಾಕ್ಟರು. ಹೆಂಡತಿಯನ್ನು ಕೊಲ್ಲುವ ನಿರ್ಧಾರದ ಸುದ್ದಿ ಮೊದಲ ವಾಕ್ಯದಲ್ಲೇ. ಕೊನೆ ಮಾತ್ರ ಹೇಳುವುದಿಲ್ಲ, ಇಡೀ ಪುಸ್ತಕದ ವ್ಯಂಗ್ಯ ಅಲ್ಲಿದೆ.

ಪಕ್ಕದಲ್ಲಿ ನಿಂತವರು ಹೇಳುವುದು

2014ರಲ್ಲಿ ರವಿಚಂದ್ರನ್ ಅವರ ‘ದೃಶ್ಯ’ ನೋಡಿದವರಿಗೆ ಈ ಬಗೆ ಹೊಸದೇನಲ್ಲ. ಸತ್ತಿದ್ದು ಹೇಗೆ ಅಂತ ನಮಗೆ ಗೊತ್ತು, ಆದರೂ ಮನೆಯವರು ಸಿಕ್ಕಿಬೀಳಬಾರದು ಅಂತ ಕೈ ಮುಗಿದು ಕೂತಿರುತ್ತೇವೆ. ಪುಸ್ತಕದಲ್ಲಿ ಅದೇ ಬೇಕು ಅಂದರೆ ನೈಜೀರಿಯಾದ ಓಯಿಂಕಾನ್ ಬ್ರೇತ್‌ವೇಟ್ ಬರೆದ ‘ಮೈ ಸಿಸ್ಟರ್, ದಿ ಸೀರಿಯಲ್ ಕಿಲ್ಲರ್’ (2018). ಲಾಗೋಸ್ ನಗರ. ಅಕ್ಕ ಕೊರೆಡೆ ನರ್ಸು, ಶಿಸ್ತಿನವಳು. ತಂಗಿ ಅಯೂಲಾ ಚೆಲುವೆ, ಬಾಯ್‌ಫ್ರೆಂಡ್‌ಗಳನ್ನು ಕೊಲ್ಲುತ್ತಾಳೆ. ಪುಸ್ತಕ ತೆರೆಯುವ ಹೊತ್ತಿಗೆ ಮೂರನೆಯವನು. ಅಕ್ಕ ಬ್ಲೀಚು, ಕೈಗವಸು ಹಿಡಿದು ಓಡಿ ಬಂದು ನೆಲ ಉಜ್ಜುತ್ತಾಳೆ. ಅಧ್ಯಾಯಗಳು ಒಂದೆರಡು ಪುಟದವು, ಮೆಟ್ರೋದಲ್ಲಿ ಓದಲು ಸರಿಯಾಗಿವೆ. ‘ತಂಗಿ ಅಲ್ವಾ, ಏನು ಮಾಡೋದು’ ಅನ್ನುವ ಹಿರಿಮಗಳ ಸಂಕಟ ನಮ್ಮ ಮನೆಗಳಲ್ಲಿ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಕಾದಂಬರಿ ಓದುವ ಅಭ್ಯಾಸ ಈಗಷ್ಟೇ ಮಾಡಿಕೊಳ್ಳುತ್ತಿರುವವರು ಇದರಿಂದಲೇ ಶುರು ಮಾಡಬಹುದು, ಭಾಷೆ ಅಷ್ಟು ಸಲೀಸು.

ರುತ್ ರೆಂಡೆಲ್ ಅವರ ‘ಎ ಜಡ್ಜ್‌ಮೆಂಟ್ ಇನ್ ಸ್ಟೋನ್’ (1977) ಯಾರ ತಲೆಯೊಳಗೂ ಪೂರ್ತಿ ಇಳಿಯುವುದಿಲ್ಲ. ಮನೆಕೆಲಸದ ಯೂನಿಸ್ ಆ ಕುಟುಂಬವನ್ನು ಕೊಂದಳು, ಕಾರಣ ಅವಳಿಗೆ ಓದು ಬರಹ ಬರುತ್ತಿರಲಿಲ್ಲ ಅಂತ ಮೊದಲ ವಾಕ್ಯವೇ ಹೇಳಿಬಿಡುತ್ತದೆ. ಅದು ಹೇಗೆ ಸಾಧ್ಯ ಅನ್ನುವುದಕ್ಕೆ ಉತ್ತರವಾಗಿ ಉಳಿದ ಪುಸ್ತಕ. ಒಡತಿ ಬರೆದಿಟ್ಟ ಒಂದು ಚೀಟಿ ಕೂಡ ಬಾಂಬಿನ ಹಾಗೆ ಕಾಣಲು ಶುರು ಆಗುತ್ತದೆ.

ಹೆಸರು ದೊಡ್ಡದು, ಆದರೆ ಯೋಚಿಸಿ

‘ಡೆಕ್ಸ್‌ಟರ್’ ಟಿವಿಯಿಂದ ಎಲ್ಲರಿಗೂ ಗೊತ್ತು. ಮೂಲ ಪುಸ್ತಕ ಜೆಫ್ ಲಿಂಡ್ಸೆ ಬರೆದ 2004ರ ‘ಡಾರ್ಕ್ಲಿ ಡ್ರೀಮಿಂಗ್ ಡೆಕ್ಸ್‌ಟರ್’. ಮಯಾಮಿ ಪೊಲೀಸ್ ಇಲಾಖೆಯಲ್ಲಿ ರಕ್ತದ ಕಲೆ ಪರೀಕ್ಷಿಸುವವನು ರಾತ್ರಿ ಹೊತ್ತು ಕೊಲೆಗಾರರನ್ನು ಮಾತ್ರ ಕೊಲ್ಲುತ್ತಾನೆ. ಓದಲು ಖುಷಿಯೇ. ಆದರೆ ಇದರಲ್ಲಿ ಒಂದು ಸಣ್ಣ ಮೋಸ ಇದೆ ಅನ್ನಿಸುತ್ತದೆ. ಸಾಯುವವರೆಲ್ಲ ಸಾಯಬೇಕಾದವರೇ ಆದರೆ ನಮಗೇನು ಕಷ್ಟ? ರಿಪ್ಲಿ ಓದುವಾಗ ಆಗುವ ಮುಜುಗರ ಇಲ್ಲಿ ಆಗಲ್ಲ. ಟೈಂಪಾಸ್‌ಗೆ ಒಳ್ಳೆಯದು, ಅದಕ್ಕಿಂತ ಜಾಸ್ತಿ ಕೇಳಬೇಡಿ. ಕ್ಯಾರೊಲಿನ್ ಕೆಪ್ನೆಸ್ ಅವರ ‘ಯು’ (2014) ಅದಕ್ಕಿಂತ ಮೇಲು. ಪುಸ್ತಕದಂಗಡಿಯ ಜೋ, ತಾನು ಬೆನ್ನು ಹತ್ತಿದ ಹುಡುಗಿಯನ್ನೇ ‘ನೀನು’ ಅಂತ ಕರೆಯುತ್ತಾ ಕಥೆ ಹೇಳುತ್ತಾನೆ. ಅವಳ ಪೋಸ್ಟುಗಳನ್ನು ಅವನು ಓದುವ ರೀತಿ ನೋಡಿದರೆ ನಿಮ್ಮ ಫೋನಿನ ಸೆಟ್ಟಿಂಗ್ಸ್ ಒಮ್ಮೆ ನೋಡಿಕೊಳ್ಳುವುದು ಗ್ಯಾರಂಟಿ.

ಬ್ರೆಟ್ ಈಸ್ಟನ್ ಎಲ್ಲಿಸ್ ಅವರ ‘ಅಮೆರಿಕನ್ ಸೈಕೋ’ (1991) ವಿಷಯದಲ್ಲಿ ನನ್ನ ಮಾತು ನೇರ. ಮೊದಲು ಒಪ್ಪಿಕೊಂಡಿದ್ದ ಪ್ರಕಾಶಕರು ಕೈಬಿಟ್ಟರು, ಬೇರೆಯವರು ತಂದರು. ಆಸ್ಟ್ರೇಲಿಯಾದಲ್ಲಿ ಪ್ಲಾಸ್ಟಿಕ್ ಸುತ್ತಿ, 18 ವರ್ಷ ದಾಟಿದವರಿಗೆ ಮಾತ್ರ ಅಂತ ಮಾರಿದರು. ವಾಲ್‌ಸ್ಟ್ರೀಟಿನ ಹುಡುಗರು ವಿಸಿಟಿಂಗ್ ಕಾರ್ಡ್ ಹೋಲಿಸಿಕೊಂಡು ಹೊಟ್ಟೆ ಉರಿದುಕೊಳ್ಳುವ ಭಾಗ ನಿಜಕ್ಕೂ ನಗಿಸುತ್ತದೆ. ಆದರೆ ಹಿಂಸೆಯ ಪುಟಗಳು ಒಮ್ಮೆ ಓದಿದರೆ ತಲೆಯಿಂದ ಹೋಗಲ್ಲ. ವ್ಯಂಗ್ಯ ಅರ್ಥ ಆಗಲು ಅಷ್ಟು ಬೇಕಿರಲಿಲ್ಲ ಅನ್ನುವವರ ಗುಂಪಿನಲ್ಲಿ ನಾನಿದ್ದೇನೆ. ಇದನ್ನು ಮೊದಲ ಪುಸ್ತಕ ಮಾಡಿಕೊಳ್ಳಬೇಡಿ. ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಕೈಗೆ ಸಿಗುವ ಶೆಲ್ಫಿನಲ್ಲೂ ಇಡಬೇಡಿ.

ಎಲ್ಲಿ ಸಿಗುತ್ತದೆ, ಯಾವ ಭಾಷೆಯಲ್ಲಿ

ದೊಸ್ತೊಯೆವ್‌ಸ್ಕಿ ಕನ್ನಡದಲ್ಲೂ ಸಿಗುತ್ತದೆ. ಇಂಗ್ಲಿಷಿನಲ್ಲಿ ಓದುವುದಾದರೆ ಕಾನ್‌ಸ್ಟನ್ಸ್ ಗಾರ್ನೆಟ್ 1914ರಲ್ಲಿ ಮಾಡಿದ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ. ಸ್ವಲ್ಪ ಹಳೇ ಕಾಲದ ಇಂಗ್ಲಿಷು, ಆದರೆ ಓದಿಸಿಕೊಂಡು ಹೋಗುತ್ತದೆ. ಪೋ ಕಥೆಯೂ ಅಲ್ಲೇ ಇದೆ. ‘ವೈಟ್ ಟೈಗರ್’ ಸೆಕೆಂಡ್‌ಹ್ಯಾಂಡ್ ಪುಸ್ತಕದಂಗಡಿಗಳಲ್ಲಿ ಸಲೀಸಾಗಿ ಕಾಣಸಿಗುತ್ತದೆ. ಹೈಸ್ಮಿತ್, ಹ್ಯೂಸ್, ಐಲ್ಸ್ ಬೇಕಾದರೆ ಆನ್‌ಲೈನಿನಲ್ಲೋ ಕಿಂಡಲ್‌ನಲ್ಲೋ ಹುಡುಕುವುದು ಸುಲಭ.

ಸಿನಿಮಾ ಮೊದಲಾ, ಪುಸ್ತಕ ಮೊದಲಾ ಅಂತ ಕೇಳುವವರಿಗೆ: ‘ವೈಟ್ ಟೈಗರ್’ ಯಾವುದು ಮೊದಲಾದರೂ ಪರವಾಗಿಲ್ಲ, 2021ರ ಸಿನಿಮಾ ಪುಸ್ತಕದ ಹಿಂದೆಯೇ ನಡೆಯುತ್ತದೆ. ರಿಪ್ಲಿಗೆ ಮಾತ್ರ ಪುಸ್ತಕವೇ ಮೊದಲು. 1960ರ ಫ್ರೆಂಚ್ ಸಿನಿಮಾ ಕೊನೆಯನ್ನು ಬದಲಾಯಿಸಿದೆ. 1999ರದ್ದು ಟಾಮ್‌ನನ್ನು ಪಾಪದವನನ್ನಾಗಿ ಮಾಡಿದೆ. 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಎಂಟು ಕಂತಿನ ಕಪ್ಪು-ಬಿಳುಪು ಸರಣಿಯೇ ಪುಸ್ತಕದ ಬುದ್ಧಿಗೆ ಹತ್ತಿರ. ಫ್ರೆಡ್ಡಿಯ ಹೆಣವನ್ನು ಮೆಟ್ಟಿಲಿಳಿಸಿ ಕಾರಿಗೆ ಸಾಗಿಸುವುದನ್ನು ಅದರಲ್ಲಿ ಎಷ್ಟು ಹೊತ್ತು ತೋರಿಸುತ್ತಾರೆ ಅಂದರೆ, ಕೆಲವರಿಗೆ ಬೋರು ಹೊಡೆಯುತ್ತದೆ. ನನಗೆ ಹೊಡೆಯಲಿಲ್ಲ. ಕೊಲ್ಲುವುದಕ್ಕಿಂತ ಆಮೇಲಿನ ಕೆಲಸವೇ ಜಾಸ್ತಿ ಅನ್ನುವುದನ್ನು ಹೈಸ್ಮಿತ್ ಪುಟಗಟ್ಟಲೆ ಬರೆದಿದ್ದಾರೆ, ಅದನ್ನು ಕತ್ತರಿಸದೆ ತೋರಿಸಿದ್ದು ಇದೊಂದೇ.